ನಮ್ಮ ತಾಂಡಾದ ಬಸುರಿಯರ ರಕ್ತಹೀನತೆ ತಗ್ಗಿಸುವ ಕೆಲಸಕ್ಕೆ ಅನುದಾನ ಎಲ್ಲಿ ಸಿಗುತ್ತದೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಯಾದಗಿರಿ ಜಿಲ್ಲೆಯ ಒಂದು ಲಂಬಾಣಿ ತಾಂಡಾ, ಅಲ್ಲೊಂದು ಸ್ತ್ರೀಶಕ್ತಿ ಸಂಘ. ತಾಂಡಾದ ಬಸುರಿಯರಲ್ಲಿ ಹೆಚ್ಚಿನವರಿಗೆ ‘ರಕ್ತ ಕಡಿಮೆ’ ಎಂದು ಕಾರ್ಡಿನಲ್ಲಿ ಬರೆದಿದ್ದಾರೆ, ಪಕ್ಕದ ದೊಡ್ಡೂರಿನಲ್ಲಿ ಅಷ್ಟಿಲ್ಲ. ಸಂಘದಿಂದ ಏನಾದರೂ ಮಾಡಬೇಕು, ಅದಕ್ಕೆ ಅನುದಾನ ಯಾರು ಕೊಡುತ್ತಾರೆ, ಅರ್ಜಿ ಹೇಗೆ ಬರೆಯಬೇಕು ಎಂದು ಕೇಳಿದ್ದೀರಿ. ರಾಯಚೂರು ಜಿಲ್ಲೆಯ ಸಣ್ಣ ಸಂಸ್ಥೆಯೊಂದರಲ್ಲಿ ಹದಿನಾಲ್ಕು ವರ್ಷ ಇದೇ ಬಗೆಯ ಅರ್ಜಿಗಳನ್ನು ಬರೆದವಳು ನಾನು. ಬರೆದವುಗಳಲ್ಲಿ ತಿರಸ್ಕೃತವಾದವೇ ಹೆಚ್ಚು. ಆ ಅನುಭವದಿಂದಲೇ ಹೇಳುತ್ತಿದ್ದೇನೆ.

ನಿಮ್ಮ ಪ್ರಶ್ನೆಯಲ್ಲಿ ನೀವು ಹಾಗೇ ಹೇಳಿ ಮುಂದೆ ಸಾಗಿದ ‘ಪಕ್ಕದ ದೊಡ್ಡೂರಿನಲ್ಲಿ ಅಷ್ಟಿಲ್ಲ’ ಎಂಬ ಮಾತೇ ಅರ್ಜಿಯ ತಿರುಳು. ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅನುದಾನ ಕೊಡುವವರ ಮೇಜಿನ ಮೇಲೆ ಬರುವ ಪ್ರತಿ ಅರ್ಜಿಯ ಮೊದಲ ಪುಟದಲ್ಲಿಯೂ ಆ ಸಂಖ್ಯೆ ಇರುತ್ತದೆ. ಒಂದೇ ಆರೋಗ್ಯ ಕೇಂದ್ರ, ಒಂದೇ ಮಾತ್ರೆ, ಒಂದೇ ಸಿಸ್ಟರ್ ಇದ್ದೂ ಎರಡು ಕಿಲೋಮೀಟರ್ ಅಂತರದಲ್ಲಿ ಇಷ್ಟು ವ್ಯತ್ಯಾಸ ಏಕೆ ಎಂಬುದನ್ನು ಮಾತ್ರ ನಿಮ್ಮನ್ನು ಬಿಟ್ಟು ಬೇರೆ ಯಾರೂ ಬರೆಯಲಾರರು.

ಆದ್ದರಿಂದ ಹಣ ಹುಡುಕುವ ಮೊದಲು ಲೆಕ್ಕ ಮಾಡಿ. ಆಶಾ ಕಾರ್ಯಕರ್ತೆಯನ್ನೂ ಉಪಕೇಂದ್ರದ ಸಿಸ್ಟರನ್ನೂ ಜೊತೆಗಿಟ್ಟುಕೊಂಡು, ಈಗ ಬಸುರಿಯರಾಗಿರುವವರ ಮತ್ತು ಕಳೆದ ಒಂದು ವರ್ಷದಲ್ಲಿ ಹೆತ್ತವರ ತಾಯಿ ಕಾರ್ಡುಗಳನ್ನು ಅವರವರ ಒಪ್ಪಿಗೆ ಪಡೆದು ನೋಡಿ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ (ರಕ್ತಹೀನತೆ) ಇದ್ದವರು ಎಷ್ಟು, 7ಕ್ಕಿಂತ ಕೆಳಗೆ (ತೀವ್ರ ರಕ್ತಹೀನತೆ) ಇಳಿದವರು ಎಷ್ಟು? ಎರಡನೆಯ ಸಲ ರಕ್ತ ಪರೀಕ್ಷೆ ಆದದ್ದು ಎಷ್ಟು ಮಂದಿಗೆ? 180 ದಿನದ ಕಬ್ಬಿಣಾಂಶದ ಮಾತ್ರೆಗಳಲ್ಲಿ ಕೈಗೆ ಬಂದವೆಷ್ಟು, ಹೊಟ್ಟೆಗೆ ಹೋದವೆಷ್ಟು? ಹೆಸರುಗಳನ್ನು ಬರೆದುಕೊಳ್ಳಬೇಡಿ, ಸಂಖ್ಯೆ ಸಾಕು. ಸಾಧ್ಯವಾದರೆ ದೊಡ್ಡೂರಿನ ಸಂಖ್ಯೆಗಳನ್ನೂ ಸಿಸ್ಟರಿನಿಂದ ಕೇಳಿ ಪಕ್ಕದಲ್ಲಿಟ್ಟುಕೊಳ್ಳಿ.

ಆಮೇಲೆ ಮನೆಮನೆಗೆ ಹೋಗಿ, ಮಾತ್ರೆ ಏಕೆ ನುಂಗಲಿಲ್ಲ ಎಂದು ಕೇಳಿ. ಬೈಯುವ ದನಿಯಲ್ಲಿ ಕೇಳಿದರೆ ಎಲ್ಲರೂ ನುಂಗಿದ್ದೇವೆ ಎಂದೇ ಹೇಳುತ್ತಾರೆ. ಕುಳಿತು ಕೇಳಿದರೆ ಬೇರೆ ಉತ್ತರಗಳು ಬರುತ್ತವೆ: ಮಲ ಕಪ್ಪಗಾಗಿ ಹೆದರಿಕೆಯಾಯಿತು, ಮಲಬದ್ಧತೆಯಾಯಿತು, ಕೂಸು ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅತ್ತೆ ಹೇಳಿದರು, ಬೆಳಿಗ್ಗೆ ಚಹಾದ ಜೊತೆ ನುಂಗಿದೆ. (ಚಹಾ ಕಬ್ಬಿಣಾಂಶ ರಕ್ತಕ್ಕೆ ಸೇರದಂತೆ ತಡೆಯುತ್ತದೆ ಎಂದು ಆಕೆಗೆ ಯಾರೂ ಹೇಳಿರುವುದಿಲ್ಲ.) ಕೆಲವರು ದಾರಿ ದೂರವೆಂಬ ಕಾರಣಗಳನ್ನೂ ಹೇಳುತ್ತಾರೆ. ಆರೋಗ್ಯ ಕೇಂದ್ರಕ್ಕೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ, ಆದರೆ ತಾಂಡಾಕ್ಕೆ ಬಸ್ಸೇ ಬಾರದಿದ್ದರೆ? 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ. ಪರರ ಹೊಲದಲ್ಲಿ ಕಳೆ ಕೀಳುವವಳು ಆ ಹೊತ್ತಿಗೆ ಅಂಗನವಾಡಿಗೆ ನಡೆದು ಬರುವುದು ಹೇಗೆ? ನಿಮ್ಮ ತಾಂಡಾದ ಕಾರಣಗಳು ಇವೇ ಇರಬಹುದು, ಬೇರೆಯೂ ಇರಬಹುದು. ಆದರೆ ಅವು ನಿಮ್ಮ ಕೈಯಲ್ಲಿರಬೇಕು.

ಇನ್ನು ನಾನು ಮಾಡಿದ ತಪ್ಪು. ನಮಗೆ ಸಿಕ್ಕ ಮೊದಲ ಅನುದಾನದಲ್ಲಿ ನಾವು ಶಿಬಿರ ಮಾಡಿದೆವು. ಶಾಮಿಯಾನ ಹಾಕಿ, ದಾನಿಗಳ ಹೆಸರಿನ ಬ್ಯಾನರ್ ಕಟ್ಟಿ, ಎರಡು ದಿನದಲ್ಲಿ ನೂರಾರು ಹೆಣ್ಣುಮಕ್ಕಳ ಬೆರಳಿನಿಂದ ರಕ್ತ ತೆಗೆದು, ಟಾನಿಕ್ ಬಾಟಲಿ ಹಂಚಿದೆವು. ವರದಿಯಲ್ಲಿ ಒಳ್ಳೆಯ ಫೋಟೋಗಳಿದ್ದವು. ಅಂದು ಒಬ್ಬ ಹುಡುಗಿಯ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿತ್ತು, ಐದು ತಿಂಗಳ ಬಸುರಿ. ‘ತಾಲ್ಲೂಕು ಆಸ್ಪತ್ರೆಗೆ ಹೋಗು’ ಎಂದು ಚೀಟಿ ಬರೆದುಕೊಟ್ಟೆವು. ಮೂರು ತಿಂಗಳ ನಂತರ ಆ ಕಡೆ ಹೋದಾಗ ವಿಚಾರಿಸಿದರೆ ಮನೆಗೆ ಬೀಗ. ಗಂಡನ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದಳು. ಆಸ್ಪತ್ರೆಗೆ ಹೋಗಿದ್ದಳೇ ಎಂದು ಕೇಳಿದಾಗ ಅವಳ ಅತ್ತೆ, ‘ಕರೆದುಕೊಂಡು ಹೋಗುವವರು ಯಾರಿದ್ದರು?’ ಎಂದರು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಶಾಮಿಯಾನಕ್ಕೆ ಕೊಟ್ಟ ಹಣದಲ್ಲಿ ಅವಳನ್ನು ಹತ್ತು ಸಲ ಕರೆದುಕೊಂಡು ಹೋಗಿ ಬರಬಹುದಿತ್ತು.

ಅಂದಿನಿಂದ ನಾನು ಬರೆದ ಬಜೆಟ್‌ಗಳಲ್ಲಿ ಶಿಬಿರ ಇಲ್ಲ. ನೀವೂ ಕೇಳಬೇಡಿ ಎಂದು ಬೇಡಿಕೊಳ್ಳುತ್ತೇನೆ. ಮಾತ್ರೆ, ರಕ್ತ ಪರೀಕ್ಷೆ, ವೈದ್ಯರು ಎಲ್ಲವೂ ಸರ್ಕಾರದ ಬಳಿ ಇವೆ, ಅವಕ್ಕೆ ಮತ್ತೊಮ್ಮೆ ಹಣ ಹಾಕಬೇಕಾಗಿಲ್ಲ. ತಾಂಡಾದಿಂದ ಅಲ್ಲಿಯವರೆಗಿನ ದಾರಿಗೆ ಹಣ ಕೇಳಿ. ತಾಂಡಾದವರೇ ಆದ, ಲಂಬಾಣಿ ಮಾತನಾಡುವ ಇಬ್ಬರು ಹೆಂಗಸರಿಗೆ ತಿಂಗಳ ಗೌರವಧನ, ವಾರಕ್ಕೊಮ್ಮೆ ಪ್ರತಿ ಬಸುರಿಯ ಮನೆಗೆ ಭೇಟಿ, ಆಸ್ಪತ್ರೆಗೆ ಜೊತೆಗೆ ಹೋಗುವ ದಿನದ ಆಟೋ ಬಾಡಿಗೆ ಮತ್ತು ಊಟ, ತೀವ್ರ ರಕ್ತಹೀನತೆ ಇರುವವರಿಗೆ ಆ ದಿನ ಕಳೆದುಹೋಗುವ ಕೂಲಿ, ಮೊಬೈಲ್ ರೀಚಾರ್ಜ್. ಹಿಮೋಗ್ಲೋಬಿನ್ ನೋಡುವ ಪುಟ್ಟ ಯಂತ್ರ ಉಪಕೇಂದ್ರದಲ್ಲಿದ್ದು ಅದಕ್ಕೆ ಹಾಕುವ ಪರೀಕ್ಷೆಯ ಸ್ಟ್ರಿಪ್‌ಗಳು ಮುಗಿದಿದ್ದರೆ, ಆ ಸ್ಟ್ರಿಪ್‌ಗಳ ಖರ್ಚನ್ನೂ ಸೇರಿಸಿ. ಕೂಲಿಯ ಸಾಲನ್ನು ನೋಡಿ ಕೆಲವು ದಾನಿಗಳು ‘ಇದು ಅಭ್ಯಾಸವಾಗುತ್ತದೆ’ ಎಂದು ಹುಬ್ಬೇರಿಸುತ್ತಾರೆ. ಆಸ್ಪತ್ರೆಗೆ ಹೋದ ದಿನ ಸಂಬಳ ಕಳೆದುಕೊಳ್ಳದವರು ಹೇಳುವ ಮಾತು ಅದು. ಆ ಸಾಲನ್ನು ಬಿಟ್ಟುಕೊಡಬೇಡಿ.

ಈಗ ಹಣ ಎಲ್ಲಿದೆ ಎಂಬ ಪ್ರಶ್ನೆ. ಮೊದಲ ಹಣ ನಿಮ್ಮ ಊರಿನಲ್ಲಿಯೇ ಇದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಪ್ರತಿ ಕಂದಾಯ ಗ್ರಾಮಕ್ಕೆ ಒಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರಬೇಕು. ಗ್ರಾಮ ಪಂಚಾಯಿತಿಯ ಸದಸ್ಯರು ಅದರ ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ಆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯವರೆಗೆ ಮುಕ್ತ ನಿಧಿ, ಅಂದರೆ ಊರಿನ ಅಗತ್ಯ ನೋಡಿ ಸಮಿತಿಯೇ ನಿರ್ಧರಿಸಿ ಖರ್ಚು ಮಾಡುವ ಹಣ. ಬಡ ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಸಾಗಿಸುವುದಕ್ಕೂ ಅದನ್ನು ಬಳಸಬಹುದು. ಸಣ್ಣ ಮೊತ್ತ ಎಂದು ಕಡೆಗಣಿಸಬೇಡಿ. ಮುಂದಿನ ವರ್ಷ ದೊಡ್ಡ ಅನುದಾನ ಕೇಳುವಾಗ, ‘ಈ ಹಣವನ್ನು ನಾವು ಹೀಗೆ ಖರ್ಚು ಮಾಡಿ ಲೆಕ್ಕ ಕೊಟ್ಟೆವು’ ಎನ್ನುವುದಕ್ಕಿಂತ ಬಲವಾದ ಪುರಾವೆ ಇಲ್ಲ.

ಇಲ್ಲಿ ತಾಂಡಾಗಳಿಗೆ ಒಂದು ವಿಶೇಷ ಸಂಗತಿ ಇದೆ, ದಯವಿಟ್ಟು ಗಮನವಿಟ್ಟು ಓದಿ. ದಶಕಗಳ ಕಾಲ ನಮ್ಮ ಭಾಗದ ಬಹಳಷ್ಟು ತಾಂಡಾಗಳು ಕಂದಾಯ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. ಅವು ಮೂಲ ಗ್ರಾಮದ ಬಾಲವಾಗಿದ್ದವು, ಸಮಿತಿಯೂ ಹಣವೂ ಮೂಲ ಗ್ರಾಮದಲ್ಲಿಯೇ ಉಳಿಯುತ್ತಿತ್ತು. ನಂತರ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ಸುಮಾರು 1,475 ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದ್ದು ಇಂಥ ಊರುಗಳ ಕುಟುಂಬಗಳಿಗೇ. ನಿಮ್ಮ ತಾಂಡಾ ಆ ಪಟ್ಟಿಯಲ್ಲಿದೆಯೇ ಎಂದು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ಇದ್ದರೆ, ನಮಗೆ ನಮ್ಮದೇ ಸಮಿತಿ, ನಮ್ಮದೇ ಬ್ಯಾಂಕ್ ಖಾತೆ ಬೇಕು ಎಂದು ಪಂಚಾಯಿತಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಕ್ಕುಪತ್ರ ಎಂದರೆ ಮನೆಯ ಜಾಗದ ಕಾಗದ ಎಂದಷ್ಟೇ ಹೆಚ್ಚಿನವರು ತಿಳಿದಿದ್ದಾರೆ. ಬಸುರಿಯನ್ನು ಆಸ್ಪತ್ರೆಗೆ ಒಯ್ಯುವ ಹಣಕ್ಕೂ ಅದೇ ಘೋಷಣೆ ದಾರಿ ತೆರೆಯಬಲ್ಲದು.

ಪಂಚಾಯಿತಿಯ ಗ್ರಾಮ ಸಭೆಯಲ್ಲಿಯೂ ವಿಷಯವನ್ನು ಎತ್ತಿ, ನಡಾವಳಿಯಲ್ಲಿ ಬರೆಸಿ. ಆ ನಡಾವಳಿಯ ನಕಲು ಅರ್ಜಿಯ ಜೊತೆ ಲಗತ್ತಿಸಲು ಬೇಕಾಗುತ್ತದೆ.

ಎರಡನೆಯದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಎಲ್ಲರೂ ಸಿಎಸ್‌ಆರ್ ಎನ್ನುವುದು ಇದನ್ನೇ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ಅಪೌಷ್ಟಿಕತೆ ನಿವಾರಣೆ, ಆರೋಗ್ಯ ರಕ್ಷಣೆ ಎರಡೂ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಮೊದಲ ಸಾಲಿನಲ್ಲಿಯೇ ಇವೆ. ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಹಾಗಾಗಿ ಬೆಂಗಳೂರಿನ ದೊಡ್ಡ ಹೆಸರುಗಳಿಗೆ ಬರೆಯುವ ಮುಂಚೆ ನಿಮ್ಮ ಜಿಲ್ಲೆಯಲ್ಲಿ, ಪಕ್ಕದ ಜಿಲ್ಲೆಗಳಲ್ಲಿ ಕಾರ್ಖಾನೆ ಇರುವವರನ್ನು ಹುಡುಕಿ.

ಅಡ್ಡಿ ಇರುವುದು ನೋಂದಣಿಯಲ್ಲಿ. ಸ್ತ್ರೀಶಕ್ತಿ ಸಂಘಕ್ಕೆ ಕಂಪನಿ ನೇರವಾಗಿ ಈ ಹಣ ಕೊಡಲಾಗದು. ನೋಂದಾಯಿತ ಟ್ರಸ್ಟ್, ಸೊಸೈಟಿ ಅಥವಾ ಲಾಭರಹಿತ ಕಂಪನಿ ಆಗಿರಬೇಕು, ಆದಾಯ ತೆರಿಗೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿ ಇರಬೇಕು, ಇಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು, 2021ರ ಏಪ್ರಿಲ್‌ನಿಂದ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ನೋಂದಣಿಯೂ ಕಡ್ಡಾಯ. ಈಗಲೇ ಸೊಸೈಟಿ ಮಾಡಲು ಓಡಬೇಡಿ ಎಂಬುದು ನನ್ನ ಸಲಹೆ. ಏಳು ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು, ಅದು ಕಷ್ಟವಲ್ಲ. ಆಮೇಲೆ ಪ್ರತಿ ವರ್ಷ ಲೆಕ್ಕಪರಿಶೋಧನೆ, ತೆರಿಗೆ ವಿವರ, ನವೀಕರಣ, ಇವೆಲ್ಲ ಶುರುವಾಗುತ್ತವೆ. ಹೊಲದ ಕೆಲಸ ಮುಗಿಸಿ ಬಂದು ಸಂಘ ನಡೆಸುವವರನ್ನು ಆ ಕಾಗದಗಳು ಹಿಂಡಿಬಿಡುತ್ತವೆ. ಮೊದಲ ಎರಡು ಮೂರು ವರ್ಷ, ನಿಮ್ಮ ಜಿಲ್ಲೆಯಲ್ಲಿ ಈಗಾಗಲೇ ನೋಂದಾಯಿತವಾದ, ಲೆಕ್ಕ ಶುದ್ಧವಾಗಿರುವ ಸಂಸ್ಥೆಯೊಂದರ ಜೊತೆ ಸೇರಿ ಅರ್ಜಿ ಹಾಕಿ. ಹಣ ಯಾರ ಖಾತೆಗೆ ಬರುತ್ತದೆ, ತಾಂಡಾದ ಕಾರ್ಯಕರ್ತೆಯರನ್ನು ಆರಿಸುವವರು ಯಾರು, ವರದಿಯಲ್ಲಿ ನಿಮ್ಮ ಸಂಘದ ಹೆಸರು ಇರುತ್ತದೆಯೇ ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ನಂಬಿಕೆ ಇದ್ದರೂ ಬರೆಸಿಕೊಳ್ಳಿ.

ವಿದೇಶಿ ಹಣದ ಆಸೆ ಸದ್ಯಕ್ಕೆ ಬೇಡ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿಗೆ ಮೂರು ವರ್ಷ ಹಳೆಯದಾದ, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿದ ಸಂಸ್ಥೆಯಾಗಿರಬೇಕು. 2020ರ ತಿದ್ದುಪಡಿಯ ನಂತರ, ಅಂಥ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಯಾರಾದರೂ ‘ನಮಗೆ ಬಂದ ವಿದೇಶಿ ಅನುದಾನದಲ್ಲಿ ನಿಮ್ಮ ಸಂಘಕ್ಕೆ ಒಂದು ಪಾಲು ಕೊಡುತ್ತೇವೆ’ ಎಂದರೆ ಕೈ ಮುಗಿದು ಬೇಡ ಎನ್ನಿ.

ಅನುದಾನ ಮಂಜೂರಾದ ಮೇಲೆ ಎದುರಾಗುವ ಒಂದು ಸಂಕಟವನ್ನು ಈಗಲೇ ಹೇಳಿಬಿಡುತ್ತೇನೆ. ಹಣ ಕಂತುಗಳಲ್ಲಿ ಬರುತ್ತದೆ. ಮೊದಲ ಕಂತಿನ ಬಳಕೆ ಪ್ರಮಾಣಪತ್ರ (ಹಣ ಹೇಗೆ ಖರ್ಚಾಯಿತು ಎಂಬ ಲೆಕ್ಕದ ಪತ್ರ) ಕೊಟ್ಟು, ಅದನ್ನು ಅವರು ಪರಿಶೀಲಿಸಿದ ಮೇಲೆಯೇ ಎರಡನೆಯದು. ಒಮ್ಮೆ ನಮಗೆ ಆ ನಡುವೆ ನಾಲ್ಕು ತಿಂಗಳು ಕಳೆಯಿತು. ಗೌರವಧನವಿಲ್ಲದೆ ನಮ್ಮ ಕಾರ್ಯಕರ್ತೆಯೊಬ್ಬರು ಹತ್ತಿ ಬಿಡಿಸುವ ಕೂಲಿಗೆ ಹೋದರು, ಅವರು ನೋಡಿಕೊಳ್ಳುತ್ತಿದ್ದ ಮನೆಗಳ ಭೇಟಿ ನಿಂತುಹೋಯಿತು. ಆ ನಾಲ್ಕು ತಿಂಗಳಲ್ಲಿ ಹೆತ್ತವರಿಗೆ ನಾವು ಏನೂ ಮಾಡಲಿಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ. ಬಸುರಿನ ತಿಂಗಳುಗಳು ಕಂತಿಗಾಗಿ ಕಾಯುವುದಿಲ್ಲ. ಮೊದಲ ಕಂತಿನಲ್ಲಿಯೇ ಆರು ತಿಂಗಳ ಗೌರವಧನ ಬರುವಂತೆ ಕೇಳಿ, ಕಾರಣವನ್ನೂ ಬರೆಯಿರಿ. ವಿವರಿಸಿದಾಗ ಒಪ್ಪಿದವರನ್ನು ನಾನು ಕಂಡಿದ್ದೇನೆ.

ಯೋಜನೆಯ ಕ್ಯಾಲೆಂಡರನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಕುರುಡಾಗಿ ಹಾಕಬೇಡಿ. ನಿಮ್ಮ ಜನ ಸುಗ್ಗಿಯ ನಂತರ ಯಾವಾಗ ಗುಳೆ ಹೊರಡುತ್ತಾರೆ, ಯಾವ ಹಬ್ಬಕ್ಕೆ ಮರಳುತ್ತಾರೆ ಎಂಬುದು ನಿಮಗೇ ಗೊತ್ತು. ಹೊರಡುವ ಮುಂಚಿನ ತಿಂಗಳಲ್ಲಿ ಎಲ್ಲ ಬಸುರಿಯರ ಪರೀಕ್ಷೆ ಮುಗಿದು, ಕೈಯಲ್ಲಿ ಮಾತ್ರೆಯೂ ತಾಯಿ ಕಾರ್ಡೂ ಇರಬೇಕು. ಹೋದ ಮೇಲೆ ವಾರಕ್ಕೊಂದು ಫೋನ್. ಪುಣೆಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದೆಂದು ವಿಚಾರಿಸಿ ಹೇಳುವುದು ಕಾರ್ಯಕರ್ತೆಯ ಕೆಲಸದ ಭಾಗ ಎಂದು ಅರ್ಜಿಯಲ್ಲಿ ಬರೆಯಿರಿ. ರೀಚಾರ್ಜ್ ಹಣ ಕೇಳಿ ಎಂದಿದ್ದು ಇದಕ್ಕೇ.

ಅರ್ಜಿಯ ಭಾಷೆಯ ಬಗ್ಗೆ ಅಳುಕು ಬೇಡ. ಮೊದಲು ಕನ್ನಡದಲ್ಲಿ, ನೀವು ಸಂಘದ ಸಭೆಯಲ್ಲಿ ಮಾತನಾಡುವ ಕ್ರಮದಲ್ಲಿ ಬರೆಯಿರಿ: ಈಗ ಪರಿಸ್ಥಿತಿ ಹೀಗಿದೆ, ಕಾರಣ ಇದು, ನಾವು ಇಷ್ಟು ಮಾಡುತ್ತೇವೆ, ವರ್ಷದ ಕೊನೆಗೆ ಇದನ್ನು ಎಣಿಸಿ ತೋರಿಸುತ್ತೇವೆ. ಎಷ್ಟು ಮಂದಿಗೆ ಮಾತ್ರೆ ಹಂಚಿದೆವು ಎಂಬುದರ ಬದಲು, ತೀವ್ರ ರಕ್ತಹೀನತೆ ಇದ್ದವರಲ್ಲಿ ಎಷ್ಟು ಮಂದಿ ಹೆರಿಗೆಯ ಹೊತ್ತಿಗೆ ಸುಧಾರಿಸಿದರು, ದೊಡ್ಡೂರಿಗೂ ತಾಂಡಾಕ್ಕೂ ನಡುವಿನ ಅಂತರ ಎಷ್ಟು ಕಿರಿದಾಯಿತು ಎಂಬುದನ್ನು ಎಣಿಸುತ್ತೇವೆ ಎನ್ನಿ. ಇಂಗ್ಲಿಷ್ ಬೇಕೇ ಬೇಕು ಎಂದು ದಾನಿಗಳು ಹೇಳಿದರೆ ಆಮೇಲೆ ಅನುವಾದ ಮಾಡಿಸಬಹುದು.

ಈ ತಿಂಗಳಲ್ಲಿ ತಾಯಿ ಕಾರ್ಡುಗಳ ಎಣಿಕೆ ಮುಗಿಸಿ, ಹೆಸರುಗಳಿಲ್ಲದೆ ಸಂಖ್ಯೆಗಳನ್ನು ಇಲ್ಲಿಯೇ ಬರೆಯಿರಿ. ಬಜೆಟ್‌ನ ಸಾಲುಗಳನ್ನು ನಿಮ್ಮ ಜೊತೆ ಕುಳಿತಂತೆ ಒಂದೊಂದಾಗಿ ನೋಡಿಕೊಡುತ್ತೇನೆ.