ನೋಟಕ್ಕಿಂತ ಮೊದಲು ಹಾಸಿಗೆ ಎಣಿಸಿ

ಪ್ರಿಯ ಓದುಗರೆ,

ನಿಮ್ಮ ಪತ್ರ ಓದಿ ನಗು ಬಂತು, ಕ್ಷಮಿಸಿ. ಒಂಬತ್ತು ಜನ ಗೆಳೆಯರು, ಕೆರೆ ಬದಿಯಲ್ಲಿ ಎರಡು ರಾತ್ರಿ ಕಳೆಯಲು ಬಾಡಿಗೆಗೆ ನೋಡಿಟ್ಟ ಎರಡು ಮನೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾಲ್ಕಕ್ಕೆ ನಾಲ್ಕು ಮತ, ಉಳಿದ ಒಂದು ಮತ ನಿಮ್ಮದು! ಮೊದಲನೆಯದು ಕೆರೆಯಂಚಿಗೇ ಕಟ್ಟಿದ ಮರದ ಕ್ಯಾಬಿನ್. ಗೋಡೆಯಗಲದ ಗಾಜು, ನೀರಿನೊಳಕ್ಕೆ ಚಾಚಿದ ಸ್ವಂತದ್ದೊಂದು ಜೆಟ್ಟಿ (ದೋಣಿಕಟ್ಟೆ), ಮೂರು ಕೋಣೆ, ಒಂದೇ ಬಾತ್‌ರೂಮ್, ಜಾಹೀರಾತಿನಲ್ಲಿ ‘ಹತ್ತು ಮಂದಿಗೆ ಆರಾಮ’ ಎಂಬ ಮಾತು. ಎರಡನೆಯದು ನೀರಿನಿಂದ 300 ಮೀಟರ್ ಹಿಂದೆ. ನಾಲ್ಕು ಕೋಣೆ, ಮೂರು ಬಾತ್‌ರೂಮ್, ಕಿಟಕಿ ತೆರೆದರೆ ಬರೀ ಮರ. ನಿಮ್ಮಲ್ಲಿ ಇಬ್ಬರಿಗೆ ಈಜು ಬಾರದು, ಒಬ್ಬರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು. ‘ಯಾವುದಕ್ಕೆ ಹೂಂ ಅನ್ನಲಿ?’ ಎಂದು ಕೇಳಿದ್ದೀರಿ.

ಎರಡನೆಯದಕ್ಕೆ ಅನ್ನಿ. ಆದರೆ ಕಾರಣ ಹೇಳದಿದ್ದರೆ ಸೋತ ನಾಲ್ವರು ದಾರಿಯುದ್ದಕ್ಕೂ ಗೊಣಗುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಶುಕ್ರವಾರ ಸಂಜೆ ಏಳಕ್ಕೆ ಹೋಗಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬೀಗದ ಕೈ ಒಪ್ಪಿಸಿದರೆ ಒಟ್ಟು 40 ಗಂಟೆ. ಇದರಲ್ಲಿ ಎರಡು ರಾತ್ರಿಯ ನಿದ್ದೆ ಇದೆ, ಅಡುಗೆ, ಊಟ, ಸ್ನಾನ ಇವೆ, ಮಳೆ ಬಂದರೆ ಸುಮ್ಮನೆ ಕೂರುವ ಮಧ್ಯಾಹ್ನವೂ ಇದೆ. ನೀರಿನಲ್ಲೋ ನೀರಿನ ಪಕ್ಕದಲ್ಲೋ ಕಳೆಯುವುದು ಆರೇಳು ಗಂಟೆಯಾದರೆ ಹೆಚ್ಚು. ಉಳಿದ ಮೂವತ್ತು ಚಿಲ್ಲರೆ ಗಂಟೆ ನಿಮ್ಮನ್ನು ಸಾಕುವುದು ಮನೆ, ಕೆರೆಯಲ್ಲ. ಆದರೂ ನಾವೆಲ್ಲ ಕೆರೆಯ ಫೋಟೊ ನೋಡಿಯೇ ಮನೆ ಹಿಡಿಯುತ್ತೇವೆ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಇಂಥ ಮನೆಗಳ ವಿಷಯದಲ್ಲಿ ಅಕ್ಷರಶಃ ನಿಜ. ಮೂರು ಕೋಣೆಯ ಮನೆಯಲ್ಲಿ ಹತ್ತು ಜನ ಹೇಗೆ ಮಲಗುತ್ತಾರೆ? ಕೋಣೆಗಿಬ್ಬರಂತೆ ಆರು, ಹಾಲಿನ ಸೋಫಾ ಬಿಚ್ಚಿ ಇಬ್ಬರು, ಏಣಿ ಹತ್ತಿ ಅಟ್ಟದಲ್ಲಿ ಇನ್ನಿಬ್ಬರು. ಒಮ್ಮೆ ನಾನೇ ಸೋಫಾದವನಾಗಿದ್ದೆ. ಹರಟೆ ಮುಗಿಯುವವರೆಗೆ ನನಗೆ ಹಾಸಿಗೆಯಿಲ್ಲ. ಬೆಳಿಗ್ಗೆ ಐದೂವರೆಗೆ, ನಾವೆಲ್ಲ ಹೊಗಳಿದ್ದ ಅದೇ ಗಾಜಿನ ಗೋಡೆಯಿಂದ ಬಿಸಿಲು ನೇರ ಕಣ್ಣಿಗೆ ಬಿತ್ತು. ಯಾವ ಕೋಣೆಯಲ್ಲಿ ಎಂಥ ಮಂಚ ಎಷ್ಟಿವೆ, ಒಂದು ಕೋಣೆಗೆ ಹೋಗಲು ಇನ್ನೊಂದನ್ನು ದಾಟಬೇಕೇ ಎಂದು ಮಾಲೀಕರನ್ನು ಕೇಳಿ ಬರೆದಿಟ್ಟುಕೊಳ್ಳಿ. ಫೋಟೊ ನಂಬಬೇಡಿ. ಅಗಲ ಕೋನದ ಲೆನ್ಸಿನಲ್ಲಿ ಕೋಳಿಗೂಡೂ ಸಭಾಂಗಣದಂತೆ ಕಾಣುತ್ತದೆ.

ಬಾತ್‌ರೂಮ್ ಲೆಕ್ಕ ಇನ್ನೂ ಕ್ರೂರ. ತಲಾ ಹದಿನೈದು ನಿಮಿಷ ಎಂದರೂ ಒಂಬತ್ತು ಜನಕ್ಕೆ ಎರಡೂಕಾಲು ಗಂಟೆ ಸರದಿ. ಶವರಿನಲ್ಲಿ ನಿಮಿಷಕ್ಕೆ ಎಂಟೊಂಬತ್ತು ಲೀಟರ್ ನೀರು ಹೋಗುವುದು ಮಾಮೂಲು, ಐದು ನಿಮಿಷಕ್ಕೆ ಸುಮಾರು 45 ಲೀಟರ್. 100 ಲೀಟರಿನ ಗೀಸರಿನಲ್ಲಿ ತಣ್ಣೀರು ಬೆರೆಸಿಕೊಂಡರೂ ನಾಲ್ಕನೆಯವರ ಹೊತ್ತಿಗೆ ನೀರು ತಣ್ಣಗಾಗಿರುತ್ತದೆ. ಪೇಟೆಯ ಒಳಚರಂಡಿ ಇಲ್ಲದ ಕಡೆ ಕೊಳೆನೀರು ಹೋಗುವುದು ಸೆಪ್ಟಿಕ್ ಟ್ಯಾಂಕಿಗೆ, ಅದನ್ನು ಕಟ್ಟಿರುವುದು ಇಂತಿಷ್ಟೇ ಜನಕ್ಕೆಂದು. ಹೇಳದೆ ಇಬ್ಬರನ್ನು ಹೆಚ್ಚಿಗೆ ಕರೆದೊಯ್ದರೆ ಮಾಲೀಕರಿಗಿಂತ ಮೊದಲು ಆ ಟ್ಯಾಂಕು ನಿಮ್ಮನ್ನು ಹಿಡಿದುಕೊಡುತ್ತದೆ.

ಈಗ ನೀರಿನ ಮಾತು. ‘ಕೆರೆ ನೋಟ’, ‘ಕೆರೆಗೆ ದಾರಿ’, ‘ಕೆರೆ ದಂಡೆ’ ಮೂರೂ ಬೇರೆ ಬೇರೆ. ನೋಟ ಎಂದರೆ ಬೆಟ್ಟದ ಮೇಲಿಂದ ಒಂದು ತುಣುಕು ನೀಲಿ ಇರಬಹುದು, ದಾರಿ ಎಂದರೆ ಹತ್ತು ಮನೆಯವರು ಹಂಚಿಕೊಂಡ ಕಾಲುಹಾದಿ. ದಂಡೆ ಎಂದರೂ ಇಳಿಯಲು ಎಷ್ಟು ಮೆಟ್ಟಿಲು ಎಂದು ಕೇಳಬೇಕು. ಅಣೆಕಟ್ಟಿನ ಹಿನ್ನೀರಾದರೆ ಬಿರುಬೇಸಿಗೆಯಲ್ಲಿ ನೀರು ಹಿಂದೆ ಸರಿದು ಜೆಟ್ಟಿ ಕೆಸರಿನ ಮೇಲೆ ನಿಂತಿರಬಹುದು. ನೀವು ಹೋಗುವ ತಿಂಗಳಿನಲ್ಲೇ ಅಲ್ಲಿ ತಂಗಿದ್ದವರ ಅಭಿಪ್ರಾಯ ಹುಡುಕಿ ಓದಿ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ್ದರೆ ಯಾರೂ ಇಳಿಯಬಾರದು, ಅದರಲ್ಲಿ ವಿಷ ಬಿಡುವ ಸೂಕ್ಷ್ಮಜೀವಿಗಳಿರಬಹುದು.

ಈಜು ಬಾರದ ಇಬ್ಬರ ವಿಚಾರ ನನಗೆ ಎಲ್ಲಕ್ಕಿಂತ ಮುಖ್ಯ. ಜೆಟ್ಟಿ ಇರುವಲ್ಲಿ ಸಾಮಾನ್ಯವಾಗಿ ಆಳವೂ ಇರುತ್ತದೆ, ದೋಣಿ ನಿಲ್ಲಬೇಕಲ್ಲ. ಮೆಲ್ಲಗೆ ಇಳಿಜಾರಾಗುವ ಮರಳು ದಂಡೆ ಅವರಿಗೆ ವಾಸಿ. ಮೈಗೆ ಹೊಂದುವ ಲೈಫ್ ಜಾಕೆಟ್ ಎಷ್ಟಿವೆ ಎಂದು ಕೇಳಿ. ಗಾಳಿ ತುಂಬಿದ ಟ್ಯೂಬು, ತೇಲುವ ಹಾಸಿಗೆಗಳು ಆಟಿಕೆ, ರಕ್ಷಣೆಯಲ್ಲ. ಬಲ್ಲವರೂ ಮೈಮರೆಯಬಾರದು. ಬಿಸಿಲಿಗೆ ಮೇಲಿನ ಪದರ ಬೆಚ್ಚಗಿದ್ದು ಕೆಳಗೆ ಕೊರೆಯುತ್ತಿರುತ್ತದೆ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಒಮ್ಮೆಲೇ ಧುಮುಕಿದರೆ ಉಸಿರು ತಾನಾಗಿ ಒಳಗೆಳೆದುಕೊಳ್ಳುತ್ತದೆ, ಬಾಯಿ ನೀರಿನೊಳಗಿದ್ದರೆ ಮುಗಿಯಿತು. ಮುಳುಗುವವರು ಸಿನಿಮಾದಲ್ಲಿನಂತೆ ಕೂಗಾಡುವುದೂ ಅಪರೂಪ. ಕುಡಿದವರು ನೀರಿಗಿಳಿಯಬಾರದೆಂಬ ಕರಾರು ಹೊರಡುವ ಮೊದಲೇ ಆಗಲಿ. ದಂಡೆಯಲ್ಲಿ ನಿಂತು ಆ ಮಾತು ಎತ್ತಿದವರನ್ನು ಗುಂಪು ಅಜ್ಜನೆಂದು ಕರೆಯುತ್ತದೆ.

ಹಾಂ, ಇನ್ನೊಂದು. ಒಳಗೆ ಸೌದೆ ಒಲೆಯೋ ಗ್ಯಾಸ್ ಹೀಟರೋ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ ಎಂದು ವಿಚಾರಿಸಿ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆ ಬಂತೆಂದು ಇದ್ದಿಲಿನ ಒಲೆಯನ್ನು ಒಳಗೆ ತರುವ ಮಹಾನುಭಾವ ಪ್ರತಿ ಗುಂಪಿನಲ್ಲೂ ಒಬ್ಬನಿರುತ್ತಾನೆ, ಅವನನ್ನು ತಡೆಯಿರಿ.

ರಾತ್ರಿಯ ಗದ್ದಲದ ಬಗ್ಗೆಯೂ ನಿಯಮವಿದ್ದೇ ಇರುತ್ತದೆ. ಸಂಜೆಯಾದಂತೆ ನೀರಿಗೆ ತಾಗಿದ ಗಾಳಿ ತಂಪಾಗಿ ಮೇಲಿನದು ಬೆಚ್ಚಗೆ ಉಳಿದಾಗ ಸದ್ದು ಕೆಳಕ್ಕೆ ಬಾಗುತ್ತದೆ. ಜೆಟ್ಟಿಯ ಮೇಲೆ ನೀವು ಪಿಸುಗುಟ್ಟಿದ ಗುಟ್ಟು ಆಚೆ ದಡಕ್ಕೆ ಸ್ಪಷ್ಟವಾಗಿ ಕೇಳೀತು. ಮರಗಳ ನಡುವಿನ ಮನೆಗೆ ಈ ತೊಂದರೆ ಕಡಿಮೆ.

ದುಡ್ಡಿನ ವಿಷಯದಲ್ಲಿ ನನ್ನದು ಒಂದೇ ಹಟ: ತಲೆಗಿಷ್ಟು ಎಂದು ಹಂಚಬೇಡಿ, ಹಾಸಿಗೆಗಿಷ್ಟು ಎಂದು ಹಂಚಿ. ಬಾಗಿಲಿರುವ ಕೋಣೆ ಸಿಕ್ಕವರೂ ಸೋಫಾ ಸಿಕ್ಕವರೂ ಒಂದೇ ಮೊತ್ತ ಕೊಡುವುದು ಯಾವ ನ್ಯಾಯ? ಕ್ಲೀನಿಂಗ್ ಶುಲ್ಕ, ಠೇವಣಿ ಸೇರಿಸಿದ ಪೂರ್ತಿ ಮೊತ್ತ ನೋಡಿ, ಎಲ್ಲರಿಂದ ಹಣ ಬಂದ ಮೇಲೆ ಬುಕ್ ಮಾಡಿ. ಬುಕ್ ಮಾಡಿದವರ ಹೆಸರಿಗೇ ಒಡೆದ ಗಾಜೂ ಬರುತ್ತದೆ. ಎಷ್ಟು ದಿನ ಮೊದಲು ರದ್ದು ಮಾಡಿದರೆ ಎಷ್ಟು ವಾಪಸು ಎಂಬುದನ್ನು ಗುಂಪಿಗೆ ಹಾಕಿ. ಒಂಬತ್ತರಲ್ಲಿ ಒಬ್ಬರು ಕೊನೆಗಳಿಗೆಯಲ್ಲಿ ಕೈಕೊಡುತ್ತಾರೆಂದು ಈಗಲೇ ತಿಳಿದುಕೊಳ್ಳಿ.

ಎರಡನೆಯ ಮನೆಯಲ್ಲಿ ನನಗಿರುವ ಅಳುಕು ಆ 300 ಮೀಟರ್. ಸಮತಟ್ಟಾದ ಹಾದಿಯಾದರೆ ಐದು ನಿಮಿಷದ ನಡಿಗೆ, ಬೇರು ಕಲ್ಲುಗಳ ಇಳಿಜಾರಾದರೆ ಮೂರು ತಿಂಗಳ ಮಂಡಿಗೆ ಶಿಕ್ಷೆ. ಕಾರು ನೀರಿನ ಹತ್ತಿರದವರೆಗೆ ಹೋಗುತ್ತದೆಯೇ, ನೆಲಮಹಡಿಯಲ್ಲಿ ಮಲಗುವ ಕೋಣೆ ಮತ್ತು ಬಾತ್‌ರೂಮ್ ಇದೆಯೇ ಎಂದು ಕೇಳಿ ತಿಳಿಯಿರಿ. ಅಂದ ಹಾಗೆ, ಮಂಡಿಯವರ ಮತ ಯಾವ ನಾಲ್ಕರಲ್ಲಿತ್ತು ಎಂದು ನೀವು ಬರೆದೇ ಇಲ್ಲ. ಮಾಲೀಕರಿಗಿಂತ ಮೊದಲು ಅವರಿಗೊಂದು ಫೋನ್ ಮಾಡಿ.

– ಸಂಪಾದಕ