ಕೈ ನಡುಗಿದರೆ ಕುಂಚ ಕೆಳಗಿಡಬೇಕೇ?

ಪ್ರಶ್ನೆ: ನನಗೀಗ 68 ವರ್ಷ. ನಲವತ್ತು ವರ್ಷಗಳಿಂದ ಜಲವರ್ಣದಲ್ಲಿ ಹೂವು, ಎಲೆ, ಹಕ್ಕಿಗಳ ಚಿತ್ರ ಬರೆಯುತ್ತಾ ಬಂದಿದ್ದೇನೆ. ಈಚೆಗೆ ಸಣ್ಣ ಕುಂಚ ಹಿಡಿದು ಎಲೆಯ ನರಗಳನ್ನು ಎಳೆಯಲು ಹೋದರೆ ಕೈ ನಡುಗುತ್ತದೆ. ಒಂದು ಗಂಟೆ ಕುಳಿತರೆ ಕಣ್ಣು ಸೋಲುತ್ತದೆ. ಹೊಸ ಚಿತ್ರಗಳಲ್ಲಿ ನೀಲಿ ಅತಿಯಾಗಿದೆ ಎನ್ನುತ್ತಾಳೆ ಮಗಳು, ನನಗೆ ಹಾಗೆ ಕಾಣುವುದೇ ಇಲ್ಲ. ಮೊದಲಿನಂತೆ ಬರೆಯಲಾಗದಿದ್ದ ಮೇಲೆ ಮರ್ಯಾದೆಯಿಂದ ನಿಲ್ಲಿಸುವುದು ಒಳ್ಳೆಯದಲ್ಲವೇ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ನೀಲಿಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮನ್ನು ಹೆಚ್ಚು ನೋಯಿಸಿರುವುದು ಅದೇ ಎಂದು ಪತ್ರ ಓದುವಾಗ ಅನ್ನಿಸಿತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯತೊಡಗುತ್ತದೆ. ಪೊರೆ ಬಂದರಂತೂ ಇದು ಇನ್ನೂ ಹೆಚ್ಚು. ನೀಲಿ ಸಪ್ಪೆಯಾಗಿ ಕಂಡಾಗ ಕೈ ತಾನಾಗಿ ಇನ್ನೊಂದಿಷ್ಟು ನೀಲಿಯನ್ನು ಬೆರೆಸುವುದುಂಟು. ಹಾಗಾಗಿ ಮೊದಲು ಕಣ್ಣಿನ ವೈದ್ಯರನ್ನು ಕಾಣಿರಿ, ಕೈನಡುಕದ ಬಗ್ಗೆಯೂ ವೈದ್ಯರಿಗೆ ತಿಳಿಸಿರಿ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ ಅವರಿಗೆ 1912ರಲ್ಲಿ ಪೊರೆ ಇರುವುದು ಗೊತ್ತಾಯಿತು, ಶಸ್ತ್ರಚಿಕಿತ್ಸೆ ಆದದ್ದು 1923ರಲ್ಲಿ, ಅವರ 82ನೆಯ ವಯಸ್ಸಿನಲ್ಲಿ. ನಡುವಿನ ವರ್ಷಗಳಲ್ಲಿ ಕಣ್ಣನ್ನು ನಂಬಲಾಗದೆ, ಬಣ್ಣದ ಟ್ಯೂಬುಗಳ ಮೇಲಿನ ಹೆಸರನ್ನು ನೋಡಿಕೊಂಡು, ತಟ್ಟೆಯಲ್ಲಿ ಪ್ರತಿ ಬಣ್ಣಕ್ಕೂ ಒಂದೇ ಜಾಗವನ್ನು ಗೊತ್ತುಮಾಡಿಕೊಂಡು ಕೆಲಸ ಮಾಡಿದರು. ನೀವೂ ಹಾಗೆಯೇ ಮಾಡಬಹುದು. ಒಂದು ಕಾಗದದ ಚೂರಿನಲ್ಲಿ ನಿಮ್ಮ ಬಣ್ಣಗಳನ್ನೆಲ್ಲ ಸಾಲಾಗಿ ಹಚ್ಚಿ, ಪಕ್ಕದಲ್ಲಿ ಹೆಸರು ಬರೆದು, ಮೇಜಿನ ಮೇಲೆ ಇಟ್ಟುಕೊಳ್ಳಿರಿ. ಬೆರೆಸುವಾಗ ಅದರೊಡನೆ ಹೋಲಿಸಿ ನೋಡಿದರೆ ಅಂದಾಜು ತಪ್ಪುವುದು ಕಡಿಮೆಯಾಗುತ್ತದೆ.

ಬೆಳಕನ್ನೂ ಹೆಚ್ಚಿಸಿಕೊಳ್ಳಬೇಕು. ಅರವತ್ತು ದಾಟಿದ ಕಣ್ಣಿನ ಒಳಪರದೆಗೆ ತಲುಪುವುದು ಇಪ್ಪತ್ತರ ಕಣ್ಣಿಗೆ ಸಿಗುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಹಳೆಯ ದೀಪದಲ್ಲೇ ಕುಳಿತರೆ ಕಣ್ಣು ಸೋಲದೆ ಇನ್ನೇನು?

ಇನ್ನು ನಡುಗುವ ಗೆರೆ. ಬೆರಳ ತುದಿಯಿಂದ ಎಳೆಯುವ ಗೆರೆಯಲ್ಲಿ ನಡುಕ ಎದ್ದು ಕಾಣುತ್ತದೆ, ಮೊಣಕೈಯಿಂದಲೋ ಭುಜದಿಂದಲೋ ಬೀಸಿ ಎಳೆದದ್ದರಲ್ಲಿ ಅಷ್ಟು ಕಾಣುವುದಿಲ್ಲ. ಒಮ್ಮೆ ಪ್ರಯತ್ನಿಸಿ ನೋಡಿ: ಹಲಗೆಯನ್ನು ತುಸು ಇಳಿಜಾರಾಗಿ ನಿಲ್ಲಿಸಿ, ಮೊದಲಿನ ಎರಡರಷ್ಟು ದೊಡ್ಡ ಕಾಗದ ಹಾಕಿ, ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು, ಎಲೆಯ ನಡುನರವನ್ನು ತೊಟ್ಟಿನಿಂದ ತುದಿಯವರೆಗೆ ಒಂದೇ ಉಸಿರಿನಲ್ಲಿ ಎಳೆಯಿರಿ. ಉಳಿದ ಸಣ್ಣ ನರಗಳನ್ನು ಬಿಟ್ಟುಬಿಡಿ. ನಲವತ್ತು ವರ್ಷ ಎಲೆಯನ್ನು ನೋಡಿದ ಕಣ್ಣಿಗೆ ಯಾವುದನ್ನು ಬಿಡಬಹುದು ಎಂಬುದು ಚೆನ್ನಾಗಿ ಗೊತ್ತಿರುತ್ತದೆ, ಮತ್ತು ಅದು ಮೂವತ್ತರ ವಯಸ್ಸಿನಲ್ಲಿ ನಿಮಗೆ ಗೊತ್ತಿರಲಿಲ್ಲ. ನರ ಎಣಿಸಿ ಬರೆಯುವುದು ನಿಮ್ಮ ರೂಢಿಯಾಗಿತ್ತು. ನಿಮ್ಮ ಕಲೆ ಇದ್ದದ್ದು ನೋಟದಲ್ಲಿ ಎಂದು ನಾನು ನಂಬಿದ್ದೇನೆ. ಫ್ರಾನ್ಸಿನ ಇನ್ನೊಬ್ಬ ಚಿತ್ರಕಾರ ಆನ್ರಿ ಮಾತಿಸ್ 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ, ಗಾಲಿಕುರ್ಚಿಗಳಿಗೆ ಸೀಮಿತರಾದಾಗ, ಬಣ್ಣ ಹಚ್ಚಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ, ಸಹಾಯಕರ ಕೈಯಿಂದ ಗೋಡೆಯ ಮೇಲೆ ಜೋಡಿಸಿ ನೋಡುವ ದಾರಿ ಹಿಡಿದರು. ಕತ್ತರಿ ಅವರಿಗೆ ಕುಂಚದ ಬದಲಿಯಾಗಿ ಬಂದಿತು, ಆದರೆ ಅದರಿಂದ ಹುಟ್ಟಿದ್ದು ಅವರ ಹಿಂದಿನ ಚಿತ್ರಗಳ ನಕಲಲ್ಲ.

ಒಂದು ಗಂಟೆಗೇ ದಣಿವಾಗುವುದಾದರೆ ನಲವತ್ತು ನಿಮಿಷಕ್ಕೇ ಎದ್ದುಬಿಡಿ, ಮುಂದೇನು ಮಾಡಬೇಕೆಂದು ಸ್ಪಷ್ಟವಾಗಿ ಗೊತ್ತಿರುವಾಗಲೇ ಏಳಿರಿ. ಹಾಗೆ ಅರ್ಧಕ್ಕೆ ಬಿಟ್ಟ ಚಿತ್ರ ಮರುದಿನ ಬೆಳಿಗ್ಗೆ ನಿಮ್ಮನ್ನು ತಾನೇ ಕರೆಯುತ್ತದೆ.

ಪ್ರಶ್ನೆ: ಕಸೂತಿಯೇ ನನ್ನ ಜೀವ. ಸಂಧಿವಾತದಿಂದಾಗಿ 74ರಲ್ಲಿ ಸೂಜಿ ಹಿಡಿಯಲಾಗುತ್ತಿಲ್ಲ. ಈ ವಯಸ್ಸಿನಲ್ಲಿ ಬೇರೆ ಕಲೆ ಕಲಿಯುವುದು ನಗೆಪಾಟಲಲ್ಲವೇ?

ಉತ್ತರ: ಖಂಡಿತ ಅಲ್ಲ. ‘ಗ್ರ್ಯಾಂಡ್‌ಮಾ ಮೋಸೆಸ್’ ಎಂದೇ ಹೆಸರಾದ ಅಮೆರಿಕದ ಕಲಾವಿದೆ ಮೊದಲು ದಾರದಲ್ಲಿ ಚಿತ್ರ ಹೊಲಿಯುತ್ತಿದ್ದರು. ಸಂಧಿವಾತದಿಂದ ಸೂಜಿ ಕಷ್ಟವಾದಾಗ, ಎಪ್ಪತ್ತು ದಾಟಿದ ಮೇಲೆ ಬಣ್ಣದ ಕಡೆಗೆ ಹೊರಳಿದ ಅವರು 1961ರಲ್ಲಿ, 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲೂ ಚಿತ್ರ ಬರೆಯುತ್ತಲೇ ಇದ್ದರು. ಯಾವ ದಾರದ ಪಕ್ಕದಲ್ಲಿ ಯಾವ ದಾರ ಒಪ್ಪುತ್ತದೆ ಎಂಬ ನಿಮ್ಮ ತಿಳಿವಳಿಕೆ ಬೆರಳಿನ ಗಂಟುಗಳಲ್ಲಿ ಇರಲಿಲ್ಲವಲ್ಲ. ನಿಮ್ಮ ಹಳೆಯ ಕಸೂತಿಯೊಂದನ್ನು ಎದುರಿಗಿಟ್ಟುಕೊಂಡು, ದಪ್ಪ ಹಿಡಿಯ ಕುಂಚದಿಂದ ಅದರ ಬಣ್ಣಗಳನ್ನಷ್ಟೇ ಕಾಗದದ ಮೇಲೆ ಇಡುತ್ತಾ ಹೋಗಿ. ಆಕಾರದ ಚಿಂತೆ ಮೊದಲ ತಿಂಗಳು ಬೇಡ.