ಆಪರೇಷನ್ ಭಯ ಮತ್ತು ಜಪಮಾಲೆ

ಪ್ರಶ್ನೆ: ಮುಂದಿನ ವಾರ ಪಿತ್ತಕೋಶದ ಆಪರೇಷನ್ ಇದೆ. ದೇವರನ್ನು ನಂಬಿದ್ದೇನೆ, ಆದರೂ ರಾತ್ರಿ ಎದೆ ಢವಢವ ಎನ್ನುತ್ತದೆ. ಜಪಕ್ಕೆ ಕೂತರೆ ಮನಸ್ಸು ನಿಲ್ಲುವುದಿಲ್ಲ. ನನ್ನ ಭಕ್ತಿಯೇ ಕಡಿಮೆಯೇ?

ಉತ್ತರ: ಖಂಡಿತ ಅಲ್ಲ. ಅರ್ಜುನನ ಕೈಯಿಂದ ಗಾಂಡೀವ ಜಾರಿದಾಗ ಕೃಷ್ಣ ಅದೇ ರಥದಲ್ಲಿದ್ದ.

ಜಪ ಕೆಡುವುದು ಹೆಚ್ಚಾಗಿ ಅವಸರದಿಂದ. 108 ಮಣಿ ಮುಗಿಸುವ ಹಟ ಬಿಡಿ, ಈಗ 27 ಸಾಕು. ಮಾಲೆಯನ್ನು ಬಲಗೈಯ ಮಧ್ಯದ ಬೆರಳ ಮೇಲಿಟ್ಟು ಹೆಬ್ಬೆರಳಿನಿಂದ ಒಂದೊಂದೇ ಮಣಿ ಎಳೆದುಕೊಳ್ಳಿ, ತೋರುಬೆರಳು ತಾಗದಿರಲಿ. ಉಸಿರೆಳೆಯುವಾಗ ಸುಮ್ಮನಿರಿ, ನಿಧಾನವಾಗಿ ಬಿಡುತ್ತಾ ‘ರಾಮ’ ಎನ್ನಿ. ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಮನಸ್ಸು ಓಡಿತೇ? ಬೆರಳು ನಿಂತ ಮಣಿಯಿಂದಲೇ ಮುಂದುವರಿಸಿ, ಮತ್ತೆ ಮೊದಲಿನಿಂದ ಬೇಡ.

ಭಯದ ಹೊತ್ತಿನಲ್ಲಿ ದೊಡ್ಡ ಹರಕೆ ಹೊತ್ತುಕೊಳ್ಳಬೇಡಿ. ಪ್ರಾರ್ಥನೆ ವ್ಯಾಪಾರವಾಗಿ, ಚಿಂತೆ ಇನ್ನೊಂದು ಸೇರುತ್ತದೆ. ‘ಏನೇ ಬಂದರೂ ಜೊತೆಗಿರು’ ಎಂದಷ್ಟೇ ಕೇಳಿ.

ಮರೆಯಬೇಡಿ: ವೈದ್ಯರು ಉಪವಾಸ ಹೇಳಿದ ಹೊತ್ತಿನಿಂದ ತೀರ್ಥ, ಪ್ರಸಾದವೂ ಬೇಡ. ಹೊಟ್ಟೆಯಲ್ಲಿದ್ದದ್ದು ಅರಿವಳಿಕೆಯ ವೇಳೆ ಶ್ವಾಸಕೋಶಕ್ಕೆ ನುಗ್ಗಬಹುದು. ತಾಯಿತ, ಬೆಳ್ಳಿ ಉಡುದಾರ ಇದ್ದರೆ ಹಿಂದಿನ ದಿನವೇ ಬಿಚ್ಚಿ ದೇವರ ಮುಂದಿಡಿ.